ಪಾರ್ಟಿಷನ್ ಮುಟ್ಟುವ ಮೊದಲು ಪಟ್ಟಿ ಉಳಿಸಿಕೊಳ್ಳಿ

ಪ್ರಶ್ನೆ: ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಕಂಪ್ಯೂಟರುಗಳ ಉಸ್ತುವಾರಿಯೂ ನನ್ನದೇ. ಒಂದೇ ಸರ್ವರಿನಲ್ಲಿ ಪ್ರಾಕ್ಸ್‌ಮಾಕ್ಸ್ ಎಂಬ ತಂತ್ರಾಂಶ ಹಾಕಿ ಎರಡು ವರ್ಚುವಲ್ ಮಷಿನ್ (ವಿಎಂ), ಅಂದರೆ ಒಂದೇ ಯಂತ್ರದೊಳಗೆ ಎರಡು ಕಂಪ್ಯೂಟರುಗಳಂತೆ, ನಡೆಸುತ್ತಿದ್ದೇವೆ. ಟ್ಯಾಲಿ ಇರುವ ವಿಂಡೋಸ್ ಒಂದು, ರೈತರಿಗೆ ಕೊಡುವ ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಬರೆಯುವ ತಂತ್ರಾಂಶದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುವ ಉಬುಂಟು ಇನ್ನೊಂದು. ಪ್ರತಿ ರಾತ್ರಿ 11 ಗಂಟೆಗೆ ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ಹೋಗುತ್ತದೆ. ಕಳೆದ ವಾರ ಕರೆಂಟ್ ಹೋಗಿ ಸರ್ವರ್ ನಿಂತು ಮತ್ತೆ ಶುರುವಾಯಿತು. ಎರಡು ದಿನ ಬಿಟ್ಟು ಯುಎಸ್‌ಬಿ ಕೇಬಲ್ ಸಡಿಲವಾಗಿದ್ದನ್ನು ಕಂಡು ಬಿಗಿ ಮಾಡಿ ಮತ್ತೆ ಮೌಂಟ್ ಮಾಡಿದೆ (ಸರ್ವರಿಗೆ ಸೇರಿಸಿದೆ). ಈಗ ಪ್ರಾಕ್ಸ್‌ಮಾಕ್ಸಿನ ವೆಬ್ ಪುಟಕ್ಕೆ ಲಾಗಿನ್ ಆಗುತ್ತಿಲ್ಲ. ಪ್ರಾಕ್ಸ್‌ಮಾಕ್ಸ್ ಕುಳಿತಿರುವ 94 ಜಿಬಿಯ ರೂಟ್ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಪೂರ್ತಿ ತುಂಬಿದೆ ಎನ್ನುತ್ತದೆ. ಫೋಲ್ಡರುಗಳನ್ನು ಕೂಡಿ ನೋಡಿದರೆ 11 ಜಿಬಿ ಮಾತ್ರ ಸಿಗುತ್ತದೆ. ಉಬುಂಟುವಿನ ಡಿಸ್ಕೂ ತುಂಬಿ ಪಟ್ಟಿ ಬರೆಯುವುದು ತಡೆದು ತಡೆದು ನಡೆಯುತ್ತಿದೆ. ಅದನ್ನು ಮೊದಲೇ 100ರಿಂದ 200 ಜಿಬಿಗೆ ಏರಿಸಿದ್ದೆ, ಆದರೆ ಒಳಗೆ ಹಳೆಯ ಅಳತೆಯೇ ಇದೆ. ತಿಳಿದವರೊಬ್ಬರು, ‘ಪಾರ್ಟಿಷನ್ ಅಳಿಸಿ ಹೊಸದಾಗಿ ಮಾಡು, ಸ್ನ್ಯಾಪ್‌ಶಾಟ್ ಇದೆಯಲ್ಲ, ಹೆದರಬೇಡ’ ಎನ್ನುತ್ತಾರೆ. ಮಾಡಲೇ?

ಉತ್ತರ: ಬೇಡ. ಇವತ್ತಂತೂ ಬೇಡ. ಆ ಸಲಹೆ ಕೊಟ್ಟವರು ಪೂರ್ತಿ ತಪ್ಪು ಹೇಳಿಲ್ಲ. ಅದು ಹೇಗೆಂದು ಮುಂದೆ ಬಿಡಿಸಿ ಹೇಳುತ್ತೇನೆ. ಆದರೆ ಈ ಗಳಿಗೆಯಲ್ಲಿ ನಿಮ್ಮ ಬಳಿ ನಂಬಬಹುದಾದ ಒಂದು ಪ್ರತಿಯೂ ಇಲ್ಲ. ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕ್ ಒಂದು ಗಳಿಗೆಯಲ್ಲಿ ಹೇಗಿತ್ತೆಂಬ ಗುರುತು, ಇರುವುದು ಅದೇ ಡಿಸ್ಕಿನ ಮೇಲೆ. ಯುಎಸ್‌ಬಿಯಲ್ಲಿರುವ ಕೊನೆಯ ಬ್ಯಾಕಪ್ ಯಾವ ದಿನದ್ದು ಎಂದು ನೀವು ಬರೆದಿಲ್ಲ, ಬಹುಶಃ ನೋಡಿಯೂ ಇಲ್ಲ. ಪ್ರತಿ ಇಲ್ಲದೆ ಡಿಸ್ಕಿನ ಗಡಿ ತಿದ್ದಲು ಕುಳಿತವರು ಕೈ ಸುಟ್ಟುಕೊಂಡಿದ್ದನ್ನು ನಾನು ಎದುರಿಗೇ ಕಂಡಿದ್ದೇನೆ.

ನಾನು ಮಾಲೂರು ತಾಲ್ಲೂಕಿನ ಬೇಸಾಯಗಾರರ ಮನೆಯವನು. ಅಪ್ಪ ಮಂಡಿಗೆ ಟೊಮೆಟೊ ಹಾಕಿ ಬಂದ ದಿನ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಪಟ್ಟಿ ಇರುತ್ತಿತ್ತು. ಎಷ್ಟು ಬಾಕ್ಸು, ಯಾವ ದರ, ಕೂಲಿಗೆ ಎಷ್ಟು ಮುರಿದರು, ಲಾರಿ ಬಾಡಿಗೆಗೆ ಎಷ್ಟು ಹೋಯಿತು ಎಂಬುದಕ್ಕೆಲ್ಲ ಅದೊಂದೇ ಆಧಾರ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿಯ ಬಾಕ್ಸು 2,000 ರೂಪಾಯಿ ದಾಟಿದ ದಿನಗಳು ನಿಮಗೆ ನೆನಪಿರಬೇಕು. ಅಂಥ ಒಂದು ವಾರದ ಪಟ್ಟಿಗಳು ಡೇಟಾಬೇಸಿನಿಂದ ಮಾಯವಾದರೆ ಯಾರ ಮನೆಯ ಲೆಕ್ಕ ತಪ್ಪುತ್ತದೆ ಯೋಚಿಸಿ. ನಿಮ್ಮ ಉಬುಂಟುವಿನ ಒಳಗಿರುವುದು ಆ ಚೀಟಿಗಳು. ಅದಕ್ಕೇ ಇಷ್ಟು ಉದ್ದದ ಉತ್ತರ.

ಮೊದಲು, ಸರ್ವರನ್ನು ರೀಬೂಟ್ ಮಾಡಬೇಡಿ. ಪ್ರಾಕ್ಸ್‌ಮಾಕ್ಸಿನ ರೂಟ್ ತುಂಬಿದರೆ ವೆಬ್ ಪುಟದ ಬಾಗಿಲು ಮುಚ್ಚುತ್ತದೆ, ಏಕೆಂದರೆ ಅದರ ಸಂರಚನೆಯ ಸಣ್ಣ ಡೇಟಾಬೇಸ್ ಇರುವುದು ಆ ಪಾರ್ಟಿಷನ್‌ನಲ್ಲೇ. ಬರೆಯಲು ಜಾಗ ಸಿಗದೆ ಅದು ಕೈ ಚೆಲ್ಲುತ್ತದೆ. ವಿಎಂಗಳ ಡಿಸ್ಕುಗಳು ಮಾತ್ರ ಸಾಮಾನ್ಯವಾಗಿ ಬೇರೆ ಜಾಗದಲ್ಲಿ, ಎಲ್‌ವಿಎಂ (ಡಿಸ್ಕಿನ ಜಾಗ ಹಂಚಿಕೊಡುವ ವ್ಯವಸ್ಥೆ) ಮಾಡಿದ ಥಿನ್ ಪೂಲ್ ಎಂಬ ಹಂಚಿಕೆಯ ಜಾಗದಲ್ಲಿ ಇರುತ್ತವೆ. ಅದಕ್ಕೇ ಅವು ಇನ್ನೂ ಓಡುತ್ತಿವೆ. ಓಡುತ್ತಿರುವ ವಿಎಂನಿಂದ ಡೇಟಾ ಹೊರತೆಗೆಯುವುದು ಸುಲಭ. ರೀಬೂಟ್ ಆದ ಮೇಲೆ ಎದ್ದೇಳದ ಸರ್ವರಿನಿಂದ ತೆಗೆಯುವುದು ಇನ್ನೊಂದೇ ಬಗೆಯ ಕೆಲಸ.

ನಿಮ್ಮ ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಮೂಲಕ ಉಬುಂಟು ವಿಎಂಗೆ ಹೋಗಿ, ಡೇಟಾಬೇಸನ್ನು ಫೈಲಿಗೆ ನಕಲಿಸುವ ಮೈಎಸ್‌ಕ್ಯೂಎಲ್‌ಡಂಪ್ ಕಮಾಂಡ್ ಓಡಿಸಿ. ಅದರ ಫಲಿತಾಂಶ ವಿಎಂ ಒಳಗೆ ಫೈಲಾಗಿ ಕೂರದೆ ನೇರವಾಗಿ ಲ್ಯಾಪ್‌ಟಾಪಿನ ಡಿಸ್ಕಿಗೆ ಇಳಿಯುವಂತೆ ಮಾಡಿ. ಒಳಗೆ ಜಾಗ ಇಲ್ಲವಲ್ಲ. ಟೇಬಲ್‌ಗಳು ಇನ್ನೋಡಿಬಿ ಎಂಬ ಬಗೆಯವಾಗಿದ್ದರೆ ಸಿಂಗಲ್ ಟ್ರಾನ್ಸಾಕ್ಷನ್ ಆಯ್ಕೆ ಹಾಕಿದಾಗ ಪಟ್ಟಿ ಬರೆಯುವವರನ್ನು ನಿಲ್ಲಿಸದೆಯೇ ಒಂದೇ ಗಳಿಗೆಯ ಚಿತ್ರ ಸಿಗುತ್ತದೆ. ಮುಗಿದ ಮೇಲೆ ಆ ಫೈಲಿನ ಕಟ್ಟಕಡೆಯ ಸಾಲನ್ನು ಓದಿ. ‘ಡಂಪ್ ಕಂಪ್ಲೀಟೆಡ್’ ಎಂದು ದಿನಾಂಕದ ಸಮೇತ ಇರಬೇಕು. ಇಲ್ಲದಿದ್ದರೆ ಅದು ಅರ್ಧಕ್ಕೆ ನಿಂತ ಪ್ರತಿ, ಮತ್ತೆ ತೆಗೆಯಿರಿ. ಟ್ಯಾಲಿಯಿಂದ ಎಲ್ಲರೂ ಹೊರಬಂದ ಮೇಲೆ ಅದರ ಡೇಟಾ ಫೋಲ್ಡರನ್ನೂ ಲ್ಯಾಪ್‌ಟಾಪಿಗೆ ನಕಲು ಮಾಡಿ.

ಆ ದಿನದ ಮಂಡಿ ನಡೆಯಬೇಕಲ್ಲ, ಅದಕ್ಕೆ ಉಬುಂಟುವಿನಲ್ಲಿ ಸ್ವಲ್ಪ ಜಾಗ ಬೇಕು. ಸಿಸ್ಟಂನ ಹಳೆಯ ಜರ್ನಲ್ ದಾಖಲೆಗಳನ್ನು ಮೊಟಕು ಮಾಡಿ, ಪ್ಯಾಕೇಜುಗಳ ಕ್ಯಾಶೆ ಖಾಲಿ ಮಾಡಿ. ಎಷ್ಟೋ ಬಾರಿ ಇಷ್ಟರಲ್ಲೇ ಒಂದೆರಡು ಜಿಬಿ ಸಿಗುತ್ತದೆ. ಆದರೆ ಮೈಎಸ್‌ಕ್ಯೂಎಲ್ ಫೋಲ್ಡರಿನೊಳಗೆ ದೊಡ್ಡದಾಗಿ ಕಾಣುವ ಫೈಲುಗಳನ್ನು ಕೈಯಾರೆ ಅಳಿಸಬೇಡಿ. ಹೆಸರಿನಲ್ಲಿ ‘ಲಾಗ್’ ಎಂದಿರುವುದರಿಂದ ಬೇಡದ ಕಡತ ಎಂದು ತಿಳಿದು ಅಳಿಸಿ, ಡೇಟಾಬೇಸನ್ನೇ ಎಬ್ಬಿಸಲಾಗದೆ ಕುಳಿತವರು ಇದ್ದಾರೆ. ಬದಲಾವಣೆಗಳ ದಾಖಲೆಯಾದ ಬೈನರಿ ಲಾಗ್ ತೆಗೆಯಬೇಕಾದರೆ ಡೇಟಾಬೇಸಿನ ಒಳಗಿನಿಂದ ಅದಕ್ಕೆಂದೇ ಇರುವ ಆಜ್ಞೆ ಕೊಡಬೇಕು.

ಈಗ ಕಾಣೆಯಾದ 83 ಜಿಬಿಯ ವಿಚಾರ. ಅದರ ಸುಳಿವು ನಿಮ್ಮ ಪ್ರಶ್ನೆಯಲ್ಲೇ ಇದೆ: ಎರಡು ದಿನ ಯುಎಸ್‌ಬಿ ಕೇಬಲ್ ಸಡಿಲವಾಗಿತ್ತು.

ಲಿನಕ್ಸಿನಲ್ಲಿ ಡಿಸ್ಕನ್ನು ಮೌಂಟ್ ಮಾಡುವುದೆಂದರೆ ಒಂದು ಖಾಲಿ ಫೋಲ್ಡರಿನ ಮೇಲೆ ಅದನ್ನು ಹೊದಿಸುವುದು. ಕರೆಂಟ್ ಬಂದು ಸರ್ವರ್ ಎದ್ದಾಗ ಯುಎಸ್‌ಬಿ ಸಿಗಲಿಲ್ಲ. ಹೊದಿಕೆ ಇಲ್ಲದೆ ಬರಿಯ ಫೋಲ್ಡರ್ ಉಳಿಯಿತು. ರಾತ್ರಿ 11ಕ್ಕೆ ಬ್ಯಾಕಪ್ ಶುರುವಾಯಿತು, ಫೋಲ್ಡರ್ ಇದೆಯೇ ಎಂದು ನೋಡಿತು, ಇತ್ತು, ಬರೆಯಿತು. ಬರೆದದ್ದು ರೂಟ್ ಪಾರ್ಟಿಷನ್ನಿಗೆ. ಎರಡು ರಾತ್ರಿ ಹೀಗಾಯಿತು. ಆಮೇಲೆ ನೀವು ಕೇಬಲ್ ಬಿಗಿ ಮಾಡಿ ಯುಎಸ್‌ಬಿಯನ್ನು ಮತ್ತೆ ಅದೇ ಫೋಲ್ಡರಿನ ಮೇಲೆ ಹೊದಿಸಿದಿರಿ. ಕೆಳಗೆ ಬಿದ್ದಿದ್ದ ಫೈಲುಗಳು ಮುಚ್ಚಿಹೋದವು. ಪಾರ್ಟಿಷನ್ನಿನ ಮಟ್ಟದಲ್ಲಿ ಎಣಿಸುವ ಡಿಎಫ್ ಕಮಾಂಡಿಗೆ ಅವು ಕಾಣುತ್ತವೆ. ಫೋಲ್ಡರಿನಿಂದ ಫೋಲ್ಡರಿಗೆ ನಡೆದು ಎಣಿಸುವ ಡಿಯು ಕಮಾಂಡಿಗೆ ಕಾಣುವುದಿಲ್ಲ. ನಿಮ್ಮ ಎರಡು ಲೆಕ್ಕಗಳು ತಾಳೆಯಾಗದಿರುವುದಕ್ಕೆ ಕಾರಣ ಇದೇ ಎಂದು ನನಗೆ ಹೆಚ್ಚುಕಡಿಮೆ ಖಚಿತ.

ನೋಡುವುದು ಹೀಗೆ. ಎಸ್‌ಎಸ್‌ಎಚ್ ಮೂಲಕ ಪ್ರಾಕ್ಸ್‌ಮಾಕ್ಸಿನ ಒಳಗೆ ಹೋಗಿ. ವೆಬ್ ಪುಟ ಮುಚ್ಚಿದ್ದರೂ ಆ ದಾರಿ ತೆರೆದೇ ಇರುತ್ತದೆ. ಮೌಂಟ್ ಕಮಾಂಡಿನ ಬೈಂಡ್ ಆಯ್ಕೆ ಬಳಸಿ ರೂಟನ್ನೇ ಇನ್ನೊಂದು ಖಾಲಿ ಫೋಲ್ಡರಿನಲ್ಲಿ ತೋರಿಸುವಂತೆ ಮಾಡಿ. ಆ ಕಿಟಕಿಯಿಂದ ನೋಡಿದರೆ ಯುಎಸ್‌ಬಿಯ ಹೊದಿಕೆ ಇರುವುದಿಲ್ಲ, ಕೆಳಗಿನದು ಕಾಣುತ್ತದೆ. ಅಲ್ಲಿ ಏನೂ ಸಿಗದಿದ್ದರೆ ಇನ್ನೆರಡು ಕಾರಣ ಹುಡುಕಿ. ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರಬಹುದು. ಅದನ್ನು ಎಲ್‌ಎಸ್‌ಒಎಫ್ ಕಮಾಂಡ್ ತೋರಿಸುತ್ತದೆ. ಇಲ್ಲವೇ ಜಾಗ ಇದ್ದೂ ಐನೋಡ್‌ಗಳು, ಅಂದರೆ ಫೈಲುಗಳ ನಮೂದಿನ ಸಾಲುಗಳು, ಮುಗಿದಿರಬಹುದು, ಆದರೆ ನಿಮ್ಮಲ್ಲಿ ತುಂಬಿರುವುದು ಜಾಗವೇ ಆದ್ದರಿಂದ ಆ ಸಂಭವ ಕಡಿಮೆ.

ಸಿಕ್ಕ ಫೈಲುಗಳನ್ನು ಸಿಟ್ಟಿನಲ್ಲಿ ಅಳಿಸಿಬಿಡಬೇಡಿ. ಅವು ಬಹುಶಃ ನಿಮ್ಮ ಬಳಿ ಇರುವ ಅತಿ ಹೊಸ ಬ್ಯಾಕಪ್‌ಗಳು! ಪ್ರತಿ ಬ್ಯಾಕಪ್ಪಿನ ಪಕ್ಕದಲ್ಲಿ ಅದೇ ಹೆಸರಿನ ಲಾಗ್ ಫೈಲ್ ಇರುತ್ತದೆ, ಅದು ಸರಿಯಾಗಿ ಮುಗಿಯಿತೇ ಎಂದು ಅಲ್ಲಿ ಬರೆದಿರುತ್ತದೆ. ಮುಗಿದವನ್ನು ಯುಎಸ್‌ಬಿಗೆ ನಕಲು ಮಾಡಿ, ಚೆಕ್‌ಸಮ್ ತೆಗೆದು ಎರಡೂ ಒಂದೇ ಎಂದು ಖಚಿತಪಡಿಸಿಕೊಂಡು, ಆಮೇಲೆ ರೂಟಿನಿಂದ ತೆಗೆಯಿರಿ. ಜಾಗ ಬಿಡುವಾದ ಮೇಲೆ ವೆಬ್ ಪುಟದ ಸೇವೆಗಳನ್ನು ಮರುಪ್ರಾರಂಭಿಸಿದರೆ ಲಾಗಿನ್ ಆಗುತ್ತದೆ. ವಿಎಂಗಳಲ್ಲಿ ಯಾವುದಾದರೂ ‘ಬ್ಯಾಕಪ್’ ಎಂದು ಬೀಗ ಬಿದ್ದಂತೆ ತೋರಿಸಿದರೆ, ಯಾವ ಬ್ಯಾಕಪ್ಪೂ ನಡೆಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಕ್ಯೂಎಂ ಅನ್‌ಲಾಕ್ ಕಮಾಂಡಿಗೆ ವಿಎಂ ಸಂಖ್ಯೆ ಕೊಟ್ಟು ಬೀಗ ತೆಗೆಯಿರಿ.

ಇದು ಮರುಕಳಿಸದಂತೆ ಮೂರು ಕೆಲಸ ಮಾಡಬೇಕು. ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಯುಎಸ್‌ಬಿಯನ್ನು ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರಿನಿಂದ ಬರೆಯದೆ ಅದರ ಖಾಯಂ ಗುರುತಾದ ಯುಯುಐಡಿಯಿಂದ ಬರೆಯಿರಿ. ಆ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಜೊತೆಗೆ ನೋಫೇಲ್ ಆಯ್ಕೆ ಹಾಕಿ. ಅದಿಲ್ಲದಿದ್ದರೆ ಯುಎಸ್‌ಬಿ ಸಿಗದ ದಿನ ಸರ್ವರ್ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡಿಗೆ ಬೀಳುತ್ತದೆ, ಬೆಳಗಿನ ಹರಾಜಿನ ಹೊತ್ತಿಗೆ ಸರ್ವರೇ ಇರುವುದಿಲ್ಲ. ಎರಡನೆಯದು, ಪ್ರಾಕ್ಸ್‌ಮಾಕ್ಸಿನ ಸ್ಟೋರೇಜ್ ಸಂರಚನೆಯಲ್ಲಿ ‘ಈಸ್ ಮೌಂಟ್‌ಪಾಯಿಂಟ್’ ಎಂಬ ಗುಣವನ್ನು ಹೌದು ಎಂದು ಮಾಡಿ. ಆಗ ಮೌಂಟ್ ಆಗಿರದ ಫೋಲ್ಡರನ್ನು ಅದು ಸ್ಟೋರೇಜ್ ಎಂದು ಒಪ್ಪುವುದೇ ಇಲ್ಲ, ಬ್ಯಾಕಪ್ ವಿಫಲವಾಯಿತು ಎಂದು ಹೇಳುತ್ತದೆ. ಮೂರನೆಯದು ನನ್ನ ಅಭ್ಯಾಸ: ಯುಎಸ್‌ಬಿ ತೆಗೆದಿರುವಾಗ ಆ ಖಾಲಿ ಫೋಲ್ಡರಿನ ಮೇಲೆ ಸಿಎಚ್‌ಆಟರ್ ಕಮಾಂಡಿನಿಂದ ಬದಲಾಗದ ಗುರುತು ಹಾಕಿಬಿಡುತ್ತೇನೆ. ಆಮೇಲೆ ಎಲ್ಲ ಅಧಿಕಾರವಿರುವ ರೂಟ್ ಎಂಬ ಬಳಕೆದಾರನೂ ಅದರಲ್ಲಿ ಬರೆಯಲಾರ. ಮೌಂಟ್ ಆದ ಡಿಸ್ಕಿಗೆ ಇದರಿಂದ ಯಾವ ಅಡ್ಡಿಯೂ ಇಲ್ಲ.

ಇನ್ನು ಉಬುಂಟುವಿನ ಡಿಸ್ಕು. 200 ಎಂದು ಕೊಟ್ಟರೂ ಒಳಗೆ 100 ಏಕೆ?

ನಮ್ಮ ಕಡೆಯವರಿಗೆ ಜಮೀನಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ನೀವು ಪಕ್ಕದ ಹೊಲ ಕೊಂಡಿರಿ. ಆದರೆ ಪಹಣಿ ತಿದ್ದಿಸಿಲ್ಲ, ನಡುವಿನ ಬದು ಕಿತ್ತಿಲ್ಲ, ಉತ್ತು ಸಾಲು ಹೊಡೆದಿಲ್ಲ. ಹೊಲ ನಿಮ್ಮದೇ, ಬೆಳೆ ಮಾತ್ರ ಹಳೆಯ ಗಡಿಯೊಳಗೇ ನಿಲ್ಲುತ್ತದೆ. ಪ್ರಾಕ್ಸ್‌ಮಾಕ್ಸಿನಲ್ಲಿ ಡಿಸ್ಕಿನ ಗಾತ್ರ ಏರಿಸುವುದು ಹೊಲ ಕೊಂಡಂತೆ. ಪಾರ್ಟಿಷನ್ ಟೇಬಲ್ ಎಂಬುದು ಪಹಣಿ: ಈ ಭಾಗ ಇಲ್ಲಿಂದ ಇಲ್ಲಿಯವರೆಗೆ ಎಂದು ಬರೆದಿಟ್ಟ ಕಾಗದ. ಅದರ ಮೇಲೆ ಎಲ್‌ವಿಎಂನ ಎರಡು ಪದರ, ಎಲ್ಲಕ್ಕಿಂತ ಮೇಲೆ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂ. ಹಿಗ್ಗಿಸುವಾಗ ಕೆಳಗಿನ ಪದರದಿಂದ ಶುರು ಮಾಡಿ ಒಂದೊಂದಾಗಿ ಮೇಲಕ್ಕೆ ಬರಬೇಕು. ಯಾವ ಪದರದಲ್ಲಿ ನಿಂತಿದೆ ಎಂದು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಒಂದೇ ನೋಟಕ್ಕೆ ತೋರಿಸುತ್ತದೆ. ಡಿಸ್ಕ್ 200 ಇದ್ದು ಮೂರನೆಯ ಪಾರ್ಟಿಷನ್ 98ರ ಆಸುಪಾಸಿನಲ್ಲಿದ್ದರೆ ಪಹಣಿಯೇ ತಿದ್ದಿಲ್ಲ. ಪಾರ್ಟಿಷನ್ನೂ ದೊಡ್ಡದಾಗಿದ್ದು ಎಲ್‌ವಿಎಂನ ಮೇಲಿನ ಪದರವಾದ ಲಾಜಿಕಲ್ ವಾಲ್ಯೂಮ್ ಚಿಕ್ಕದಿದ್ದರೆ ತಡೆ ಎಲ್‌ವಿಎಂನಲ್ಲಿ. ಉಬುಂಟು ಸರ್ವರಿನ ಇನ್‌ಸ್ಟಾಲರ್ ಮೊದಲಿನಿಂದಲೇ ಹೀಗೆ ಮಾಡುತ್ತದೆ: ನೂರು ಜಿಬಿ ಡಿಸ್ಕ್ ಕೊಟ್ಟರೆ ರೂಟಿಗೆ ಸುಮಾರು ಅರ್ಧ ಮಾತ್ರ ಹಂಚಿ ಉಳಿದದ್ದನ್ನು ಎಲ್‌ವಿಎಂನಲ್ಲಿ ಬಿಡುವಾಗಿ ಇಡುತ್ತದೆ. ಎಷ್ಟೋ ಜನ ಆ ಅರ್ಧ ತಮ್ಮಲ್ಲೇ ಇರುವುದು ತಿಳಿಯದೆ ಹೊಸ ಡಿಸ್ಕ್ ಕೊಂಡಿದ್ದಾರೆ. ನಿಮ್ಮದೂ ಹಾಗೆಯೇ ಇರಬಹುದು, ವಿಜಿಎಸ್ ಕಮಾಂಡಿನಲ್ಲಿ ಬಿಡುವಿನ ಜಾಗ ಎಷ್ಟಿದೆ ಮೊದಲು ನೋಡಿ.

ಪಹಣಿಯ ಹೋಲಿಕೆ ಇನ್ನೊಂದು ಕಡೆಯೂ ಒಗ್ಗುತ್ತದೆ. ಈಗಿನ ಜಿಪಿಟಿ ಬಗೆಯ ಪಾರ್ಟಿಷನ್ ಟೇಬಲ್ ಎರಡು ಪ್ರತಿಯಲ್ಲಿರುತ್ತದೆ, ಒಂದು ಡಿಸ್ಕಿನ ತಲೆಯಲ್ಲಿ, ಇನ್ನೊಂದು ಕೊನೆಯಲ್ಲಿ. ಡಿಸ್ಕ್ ಹಿಗ್ಗಿಸಿದ ಕೂಡಲೇ ಕೊನೆ ಎಂಬುದು ಮುಂದೆ ಸರಿಯಿತು, ಎರಡನೆಯ ಪ್ರತಿ ನಡುವೆ ಉಳಿಯಿತು. ಪಾರ್ಟೆಡ್ ಮುಂತಾದ ಸಾಧನಗಳು ಇದನ್ನು ಕಂಡು ಎಚ್ಚರಿಕೆ ಕೊಟ್ಟು, ಸರಿಪಡಿಸಲೇ ಎಂದು ಕೇಳುತ್ತವೆ. ಡಿಸ್ಕ್ ಕೆಟ್ಟಿತು ಎಂದು ಗಾಬರಿಯಾಗಬೇಡಿ. ಸರಿಪಡಿಸು ಎಂದರೆ ಆ ಪ್ರತಿಯನ್ನು ಹೊಸ ಕೊನೆಗೆ ಸಾಗಿಸುತ್ತದೆ. ಹಳೆಯ ಎಂಬಿಆರ್ ಬಗೆಯಲ್ಲಿ ಈ ಎರಡನೆಯ ಪ್ರತಿ ಇಲ್ಲ, 2 ಟಿಬಿ ದಾಟಿದ ಡಿಸ್ಕನ್ನು ಅದು ಪೂರ್ತಿ ಅಳೆಯಲೂ ಆರದು.

ಈಗ ನಿಮ್ಮ ಪರಿಚಿತರ ಸಲಹೆಗೆ ಬರುತ್ತೇನೆ. ಪಹಣಿಯ ಸಾಲು ಅಳಿಸಿದರೆ ಹೊಲದ ಬೆಳೆ ಒಣಗುವುದಿಲ್ಲ. ಅದೇ ರೀತಿ ಪಾರ್ಟಿಷನ್ ನಮೂದು ಅಳಿಸಿ, ಅದೇ ಆರಂಭದ ಸೆಕ್ಟರಿನಿಂದ (ಡಿಸ್ಕನ್ನು ಅಳೆಯುವ ಸಣ್ಣ ತುಂಡು), ಹೆಚ್ಚಿನ ಅಳತೆಗೆ ಮತ್ತೆ ಬರೆದರೆ ಒಳಗಿನ ಡೇಟಾ ಅಲ್ಲಾಡುವುದಿಲ್ಲ. ಹಿಂದೆ ನಾವೆಲ್ಲ ಕೈಯಲ್ಲಿ ಹಾಗೆಯೇ ಮಾಡುತ್ತಿದ್ದೆವು. ಎಲ್ಲವೂ ನಿಂತಿರುವುದು ‘ಅದೇ ಆರಂಭದ ಸೆಕ್ಟರ್’ ಎಂಬ ಮಾತಿನ ಮೇಲೆ.

ತುಮಕೂರಿನ ಒಂದು ಸಂಸ್ಥೆಯಿಂದ ಒಮ್ಮೆ ರಾತ್ರಿ ಹತ್ತಕ್ಕೆ ಕರೆ ಬಂತು. ಹಳೆಯ ಸರ್ವರೊಂದನ್ನು ವಿಎಂ ಆಗಿ ಬದಲಿಸಿ, ಜಾಗ ಸಾಲದೆ ಪಾರ್ಟಿಷನ್ ಅಳಿಸಿ ಮತ್ತೆ ಮಾಡಿದ್ದರು. ಎದ್ದಾಗ ಫೈಲ್ ಸಿಸ್ಟಂ ಸಿಗಲಿಲ್ಲ. ನೋಡಿದರೆ ಹಳೆಯ ಪಾರ್ಟಿಷನ್ 63ನೇ ಸೆಕ್ಟರಿನಿಂದ ಶುರುವಾಗುತ್ತಿತ್ತು; ಹೊಸ ಸಾಧನ ತನ್ನ ರೂಢಿಯಂತೆ 2048ರಿಂದ ಶುರು ಮಾಡಿತ್ತು. ಬಾಗಿಲು ಇರುವ ಕಡೆ ಬಿಟ್ಟು ಒಂದು ಮೆಗಾಬೈಟಿನಷ್ಟು ಆಚೆ ತಡಕಿದಂತೆ. ಮತ್ತೆ 63 ಎಂದು ಬರೆದಾಗ ಹನ್ನೆರಡು ವರ್ಷದ ದಾಖಲೆ ಇದ್ದ ಹಾಗೆ ಎದ್ದು ಬಂತು. ಆ ಹುಡುಗ ಅತ್ತುಬಿಟ್ಟಿದ್ದ. ಅವನಿಂದ ಆದ ಒಳ್ಳೆಯ ಕೆಲಸವೆಂದರೆ ಹೆದರಿ ಕೈ ಕಟ್ಟಿ ಕುಳಿತದ್ದು. ಅದೇ ವರ್ಷ ಇನ್ನೊಂದು ಕಡೆ, ‘ಫಾರ್ಮ್ಯಾಟ್ ಮಾಡಲೇ’ ಎಂದು ಯಂತ್ರ ಕೇಳಿದ್ದಕ್ಕೆ ಹೌದು ಎಂದವರು ಕರೆದಿದ್ದರು. ಅಲ್ಲಿ ನನ್ನಿಂದ ಮರಳಿ ಕೊಡಲಾದದ್ದು ತುಣುಕುಗಳು ಮಾತ್ರ, ಹೆಸರಿಲ್ಲದ ಫೈಲುಗಳ ರಾಶಿ. ಆ ಮನೆಯವರ ಮುಖ ನನಗೆ ಇನ್ನೂ ಮರೆತಿಲ್ಲ.

ಆದ್ದರಿಂದ ಕೈಯಲ್ಲಿ ಅಳಿಸಬೇಡಿ. ಗ್ರೋಪಾರ್ಟ್ ಎಂಬ ಸಣ್ಣ ಸಾಧನ ಅದೇ ಕೆಲಸವನ್ನು ಆರಂಭದ ಸೆಕ್ಟರ್ ಕಾಪಾಡಿಕೊಂಡು ಮಾಡುತ್ತದೆ. ಡಿಸ್ಕಿನ ಹೆಸರು, ಒಂದು ಖಾಲಿ ಜಾಗ, ಪಾರ್ಟಿಷನ್ ಸಂಖ್ಯೆ. ಇಷ್ಟು ಕೊಟ್ಟರೆ ಸಾಕು. ಮೊದಲು ಡ್ರೈ ರನ್ ಆಯ್ಕೆಯಲ್ಲಿ ಓಡಿಸಿ ಏನು ಬದಲಿಸುತ್ತದೆ ಎಂದು ಓದಿ. ಆಮೇಲೆ ಎಲ್‌ವಿಎಂನ ಎರಡು ಪದರಗಳಿಗೆ ಪಿವಿರೀಸೈಜ್, ಅದಾದ ಮೇಲೆ ಎಲ್‌ವಿಎಕ್ಸ್‌ಟೆಂಡ್. ಕೊನೆಯದಕ್ಕೆ ಆರ್ ಎಂಬ ಆಯ್ಕೆ ಸೇರಿಸಿದರೆ ಫೈಲ್ ಸಿಸ್ಟಂ ಕೂಡ ಜೊತೆಗೇ ಹಿಗ್ಗುತ್ತದೆ. ವಿಎಂ ನಿಲ್ಲಿಸಬೇಕಾಗಿಲ್ಲ. ಒಂದು ಮುಳ್ಳಿದೆ: ಡಿಸ್ಕ್ ಪೂರ್ತಿ ತುಂಬಿದ್ದಾಗ ಗ್ರೋಪಾರ್ಟ್ ತನ್ನ ತಾತ್ಕಾಲಿಕ ಫೋಲ್ಡರ್ ಮಾಡಲಾಗದೆ ನಿಂತುಬಿಡುತ್ತದೆ. ಜಾಗ ಹಿಗ್ಗಿಸುವುದಕ್ಕೇ ಜಾಗವಿಲ್ಲ. ಟಿಎಂಪಿ ಫೋಲ್ಡರಿನ ಮೇಲೆ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ, ಅಂದರೆ ಮೆಮೊರಿಯಲ್ಲಿ ಸ್ವಲ್ಪ ಜಾಗ ಕೊಟ್ಟು ಓಡಿಸಿದರೆ ಆಗುತ್ತದೆ. ಎಲ್‌ವಿಎಂ ಕೂಡ ತನ್ನ ದಾಖಲೆಯ ನಕಲು ಬರೆಯಲು ಒಂದಿಷ್ಟು ಜಾಗ ಕೇಳುತ್ತದೆ, ಮೇಲೆ ಹೇಳಿದ ಸ್ವಚ್ಛತೆ ಮಾಡಿದ್ದರೆ ಅಷ್ಟು ಇರುತ್ತದೆ. ಎಂದಾದರೂ ಎಫ್‌ಡಿಸ್ಕ್‌ನಲ್ಲಿ ಕೈಯಾರೆ ಮಾಡುವ ಪ್ರಸಂಗ ಬಂದರೆ, ಪಾರ್ಟಿಷನ್ ಹೊಸದಾಗಿ ಮಾಡಿದ ಕೂಡಲೇ ಅದು ಹಳೆಯ ಗುರುತನ್ನು ತೆಗೆದುಹಾಕಲೇ ಎಂದು ಕೇಳುತ್ತದೆ. ಬೇಡ ಎನ್ನಿ.

ಇಷ್ಟನ್ನೂ ಅಸಲಿ ವಿಎಂ ಮೇಲೆ ಮೊದಲ ಬಾರಿಗೆ ಮಾಡಬೇಡಿ. ನನ್ನ ಇಡೀ ಉತ್ತರದಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ. ರೂಟಿನ ಜಾಗ ಬಿಡುವಾದ ಮೇಲೆ ಉಬುಂಟುವಿನ ಹೊಸ ಬ್ಯಾಕಪ್ ಒಂದನ್ನು ಯುಎಸ್‌ಬಿಗೆ ತೆಗೆಯಿರಿ. ಅದನ್ನು 901 ಎಂಬಂಥ ಬೇರೆ ವಿಎಂ ಸಂಖ್ಯೆಗೆ ರಿಸ್ಟೋರ್ ಮಾಡಿ, ಅದಕ್ಕೆ ಬೇರೆಯೇ ಗುರುತು ಸಿಗಲು ಯುನೀಕ್ ಆಯ್ಕೆ ಹಾಕಿ. ಶುರು ಮಾಡುವ ಮೊದಲೇ ಅದರ ನೆಟ್‌ವರ್ಕ್ ಕಾರ್ಡನ್ನು ಸಂರಚನೆಯಲ್ಲಿ ಕಡಿದಿಡಿ. ಇಲ್ಲದಿದ್ದರೆ ಒಂದೇ ಐಪಿ ವಿಳಾಸದ ಎರಡು ಸರ್ವರ್ ಎದ್ದು, ಪಟ್ಟಿ ಬರೆಯುವವರು ಯಾವುದಕ್ಕೆ ಬರೆಯುತ್ತಿದ್ದಾರೆ ಎಂದೇ ತಿಳಿಯದಂತಾಗುತ್ತದೆ. 901ರ ಕನ್ಸೋಲಿನಲ್ಲಿ ಕುಳಿತು ಗ್ರೋಪಾರ್ಟಿನಿಂದ ಹಿಡಿದು ಎಲ್ಲವನ್ನೂ ಮಾಡಿ. ತಪ್ಪಾದರೆ ಅಳಿಸಿ, ಮತ್ತೆ ರಿಸ್ಟೋರ್ ಮಾಡಿ. ಡೇಟಾಬೇಸ್ ಒಳಗೆ ಹೋಗಿ ಕೊನೆಯ ಪಟ್ಟಿ ಸಂಖ್ಯೆ ನೋಡಿ. ಬ್ಯಾಕಪ್ ತೆಗೆಯುವ ಹೊತ್ತಿಗೆ ಕಾಗದದಲ್ಲಿ ಬರೆದಿಟ್ಟ ಸಂಖ್ಯೆಗೆ ಅದು ತಾಳೆಯಾಗಬೇಕು. ಎರಡು ಬಾರಿ ಸಲೀಸಾಗಿ ಆದ ಮೇಲೆ ಅಸಲಿಗೆ ಕೈ ಹಾಕಿ. ಈ ಒಂದೇ ಅಭ್ಯಾಸದಲ್ಲಿ ನಿಮ್ಮ ಬ್ಯಾಕಪ್ ನಿಜಕ್ಕೂ ಎದ್ದೇಳುತ್ತದೆಯೇ ಎಂಬುದರ ಪರೀಕ್ಷೆಯೂ ಮುಗಿಯುತ್ತದೆ.

901 ಮಾಡುವ ಮೊದಲು ಥಿನ್ ಪೂಲ್‌ನಲ್ಲಿ ಜಾಗ ನೋಡಿಕೊಳ್ಳಿ. ಥಿನ್ ಪೂಲ್ ಎಂದರೆ ಕೆರೆ ಮತ್ತು ಅದರ ಅಚ್ಚುಕಟ್ಟಿನಂತೆ. ಪ್ರತಿಯೊಬ್ಬರ ಹೆಸರಿಗೂ ನೀರಿನ ಪಾಲು ಬರೆದಿರುತ್ತದೆ, ಎಲ್ಲರೂ ಒಂದೇ ದಿನ ತೂಬು ಎತ್ತಿದರೆ ಕೆರೆಯಲ್ಲಿ ಅಷ್ಟು ನೀರಿರುವುದಿಲ್ಲ. ನೀವು 200 ಜಿಬಿ ಎಂದು ಬರೆದಾಗ ಪ್ರಾಕ್ಸ್‌ಮಾಕ್ಸ್ ತಕರಾರು ಮಾಡಲಿಲ್ಲ, ಏಕೆಂದರೆ ಅದು ಕಾಗದದ ಪಾಲು. ಪೂಲ್ ನಿಜವಾಗಿ ತುಂಬಿದ ದಿನ ಅದರ ಮೇಲಿರುವ ಎಲ್ಲ ವಿಎಂಗಳಿಗೂ ಒಟ್ಟಿಗೆ ಬರಹದ ದೋಷ ಬರುತ್ತದೆ, ಫೈಲ್ ಸಿಸ್ಟಂಗಳು ಕೆಡುತ್ತವೆ. ರೂಟ್ ತುಂಬುವುದಕ್ಕಿಂತ ಇದು ಎಷ್ಟೋ ಪಾಲು ಘೋರ. ಎಲ್‌ವಿಎಸ್ ಕಮಾಂಡಿನಲ್ಲಿ ಡೇಟಾ, ಮೆಟಾಡೇಟಾ ಎರಡರ ಶೇಕಡಾವಾರು ನೋಡಿ. ಯಾವುದೇ ಒಂದು 80 ದಾಟಿದರೆ ನಾನು ಹೊಸ ವಿಎಂ ಮಾಡುವುದಿಲ್ಲ. ವಿಎಂನ ಡಿಸ್ಕಿಗೆ ಡಿಸ್ಕಾರ್ಡ್ ಆಯ್ಕೆ ಹಾಕಿ ಒಳಗೆ ಎಫ್‌ಎಸ್‌ಟ್ರಿಮ್ ಓಡಿಸಿದರೆ ಅಳಿಸಿದ ಫೈಲುಗಳ ಜಾಗ ಪೂಲ್‌ಗೆ ಮರಳುತ್ತದೆ. ಇಲ್ಲದಿದ್ದರೆ ಒಳಗೆ ಅಳಿಸಿದರೂ ಹೊರಗೆ ತುಂಬಿಯೇ ಇರುತ್ತದೆ.

ಪೂಲ್‌ನಲ್ಲಿ ಜಾಗ ತಿನ್ನುವ ಇನ್ನೊಂದು ವಸ್ತು ನಿಮ್ಮ ಆ ಸ್ನ್ಯಾಪ್‌ಶಾಟ್. ಅದು ಪ್ರತಿ ಅಲ್ಲ. ‘ಈ ಗಳಿಗೆಯ ನಂತರ ಬದಲಾದದ್ದನ್ನು ಬೇರೆ ಇಡು’ ಎಂಬ ಸೂಚನೆ ಮಾತ್ರ. ಡಿಸ್ಕ್ ಸತ್ತರೆ ಅದೂ ಸತ್ತಿತು. ಅಪ್‌ಡೇಟ್ ಹಾಕುವ ಮುನ್ನ ತೆಗೆದು, ಎಲ್ಲ ಸರಿ ಎಂದಾದ ಮೇಲೆ ಅಳಿಸುವುದಕ್ಕೆ ಅದು ಬಹಳ ಒಳ್ಳೆಯ ಸಾಧನ. ವಿಎಂವೇರ್ ಕಂಪನಿ ತನ್ನ ಬಳಕೆದಾರರಿಗೆ ಒಂದೇ ಸ್ನ್ಯಾಪ್‌ಶಾಟನ್ನು 72 ಗಂಟೆಗಿಂತ ಹೆಚ್ಚು ಇಡಬೇಡಿ ಎಂದೇ ಹೇಳುತ್ತದೆ.

ಗಿಟ್‌ಲ್ಯಾಬ್ ಎಂಬ ದೊಡ್ಡ ಕಂಪನಿ 2017ರ ಜನವರಿ 31ರಂದು ಕಂಡ ಸಂಕಟವನ್ನು ತಾನೇ ಮುಚ್ಚುಮರೆಯಿಲ್ಲದೆ ಬರೆದಿಟ್ಟಿದೆ. ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನ ಮೇಲೆ ಡೇಟಾಬೇಸ್ ಫೋಲ್ಡರ್ ಅಳಿಸಿದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ಪಿಗೆ ಐದು ಏರ್ಪಾಡುಗಳಿದ್ದವು, ಹುಡುಕಿದಾಗ ಯಾವುದೂ ಕೈಗೆ ಬರಲಿಲ್ಲ. ಡಂಪ್ ತೆಗೆಯುವ ಪ್ರೋಗ್ರಾಮಿನ ಆವೃತ್ತಿ ಡೇಟಾಬೇಸಿನದಕ್ಕಿಂತ ಹಳೆಯದಾಗಿ ಅದು ದಿನವೂ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತು ಎಂಬ ಇಮೇಲ್ ಕೂಡ ತಲುಪುತ್ತಿರಲಿಲ್ಲ. ಅವರನ್ನು ಉಳಿಸಿದ್ದು ಆರು ಗಂಟೆ ಮೊದಲು ಬೇರೆ ಕೆಲಸಕ್ಕೆಂದು ತೆಗೆದು ಇನ್ನೊಂದು ಯಂತ್ರಕ್ಕೆ ಸಾಗಿಸಿದ್ದ ಒಂದು ಎಲ್‌ವಿಎಂ ಸ್ನ್ಯಾಪ್‌ಶಾಟ್. ಅದು ಉಪಯೋಗಕ್ಕೆ ಬಂದದ್ದು ಬೇರೆ ಯಂತ್ರದಲ್ಲಿ ಇದ್ದುದರಿಂದ. ನಿಮ್ಮಲ್ಲಿಯೂ ಬ್ಯಾಕಪ್ ವಿಫಲವಾದಾಗ ಮಾತ್ರ ಇಮೇಲ್ ಬರುವಂತೆ ಇಡಬೇಡಿ, ಪ್ರತಿದಿನ ಬರಲಿ. ಬಾರದ ದಿನ ಅನುಮಾನಪಡಿ.

ವಿಂಡೋಸ್ ವಿಎಂ ಬಗ್ಗೆ ನೀವು ಕೇಳಿಲ್ಲ, ಆದರೆ ಅದನ್ನು ಹಿಗ್ಗಿಸುವ ದಿನವೂ ಬರುತ್ತದೆ. ಸಿ ಡ್ರೈವಿನ ಬಲಕ್ಕೆ ಸಣ್ಣ ರಿಕವರಿ ಪಾರ್ಟಿಷನ್ ಕುಳಿತಿದ್ದರೆ ಎಕ್ಸ್‌ಟೆಂಡ್ ಆಯ್ಕೆ ಮಸುಕಾಗಿರುತ್ತದೆ. ರಿಏಜೆಂಟ್‌ಸಿ ಕಮಾಂಡಿನಿಂದ ರಿಕವರಿಯನ್ನು ನಿಷ್ಕ್ರಿಯಗೊಳಿಸಿ, ಡಿಸ್ಕ್‌ಪಾರ್ಟಿನಿಂದ ಆ ಪಾರ್ಟಿಷನ್ ತೆಗೆದು, ಸಿ ಹಿಗ್ಗಿಸುವುದು ದಾರಿ. ಅದನ್ನೂ ರಿಸ್ಟೋರ್ ಮಾಡಿದ ಪ್ರತಿಯ ಮೇಲೆಯೇ ಮೊದಲು ಮಾಡಿ. ಕುಗ್ಗಿಸುವ ಯೋಚನೆ ಯಾವ ವಿಎಂಗೂ ಬೇಡ. ಎಕ್ಸ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂ ಕುಗ್ಗುವುದೇ ಇಲ್ಲ ಎನ್ನಬಹುದು. ಚಿಕ್ಕದು ಬೇಕಾದರೆ ಚಿಕ್ಕ ಡಿಸ್ಕ್ ಹೊಸದಾಗಿ ಮಾಡಿ ಡೇಟಾ ಸಾಗಿಸಿ.

ಮುಂದಿನ ಏರ್ಪಾಡಿಗೆ ದೊಡ್ಡ ಖರ್ಚು ಬೇಕಿಲ್ಲ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಎಂಬ ಉಚಿತ ತಂತ್ರಾಂಶವಿದೆ. ಮಂಡಿಯಲ್ಲಿ ಮೂಲೆ ಸೇರಿದ ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕ್ ಹಾಕಿ, ಬೇರೆ ಕೋಣೆಯಲ್ಲಿ ಇಡಿ. ಅದು ಪ್ರತಿ ರಾತ್ರಿ ಬದಲಾದ ತುಣುಕುಗಳನ್ನಷ್ಟೇ ಪಡೆಯುತ್ತದೆ, ಇಟ್ಟಿರುವುದು ಕೆಟ್ಟಿದೆಯೇ ಎಂದು ಪರಿಶೀಲಿಸುವ ವ್ಯವಸ್ಥೆಯೂ ಇದೆ. ದಿನದ್ದು ಏಳು, ವಾರದ್ದು ನಾಲ್ಕು, ತಿಂಗಳದ್ದು ಹನ್ನೆರಡು ಉಳಿಸಿದರೆ ನಿಮಗೆ ಸಾಕು. ಮಾರ್ಚ್ 31ರದನ್ನು ಪ್ರತ್ಯೇಕವಾಗಿ ಇಡಿ. ಜಿಎಸ್‌ಟಿ ನೋಂದಣಿ ಇದ್ದರೆ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು ಎಂದು ಕಾನೂನು ಹೇಳುತ್ತದೆ. ಸರ್ವರಿಗೆ ಆ ಯಂತ್ರದಲ್ಲಿ ಬ್ಯಾಕಪ್ ಹಾಕುವ ಹಕ್ಕು ಮಾತ್ರ ಕೊಡಿ, ಅಳಿಸುವ ಹಕ್ಕು ಕೊಡಬೇಡಿ. ಸುಲಿಗೆಯ ವೈರಸ್ ಸರ್ವರಿಗೆ ಹೊಕ್ಕರೆ ಅದು ಮೊದಲು ಹುಡುಕುವುದು ಬ್ಯಾಕಪ್ಪನ್ನೇ.

ಎರಡು ವಿಎಂಗಳಲ್ಲೂ ಕ್ಯೂಇಎಂಯು ಗೆಸ್ಟ್ ಏಜೆಂಟ್ ಎಂಬ, ಪ್ರಾಕ್ಸ್‌ಮಾಕ್ಸಿನ ಸೂಚನೆಯನ್ನು ವಿಎಂ ಒಳಗೆ ಪಾಲಿಸುವ ಸಣ್ಣ ಪ್ರೋಗ್ರಾಂ ಹಾಕಿ, ಪ್ರಾಕ್ಸ್‌ಮಾಕ್ಸಿನ ಆಯ್ಕೆಗಳಲ್ಲೂ ಅದನ್ನು ಚಾಲೂ ಮಾಡಿ. ಬ್ಯಾಕಪ್ ಶುರುವಾಗುವ ಕ್ಷಣದಲ್ಲಿ ಫೈಲ್ ಸಿಸ್ಟಂ ಒಂದು ಉಸಿರು ನಿಂತು, ಅರ್ಧ ಬರೆದದ್ದನ್ನು ಪೂರ್ತಿ ಮಾಡಿಕೊಳ್ಳುತ್ತದೆ. ಅದಿಲ್ಲದ ಬ್ಯಾಕಪ್ ಕರೆಂಟ್ ಹೋದಾಗಿನ ಡಿಸ್ಕಿನಂತೆ ಇರುತ್ತದೆ, ಏಳಬಹುದು, ಏಳದಿರಬಹುದು. ಏಜೆಂಟ್ ಇದ್ದರೂ ರಾತ್ರಿಯ ಮೈಎಸ್‌ಕ್ಯೂಎಲ್ ಡಂಪ್ ಬಿಡಬೇಡಿ. ವಾರಕ್ಕೊಮ್ಮೆ ಎರಡು ಯುಎಸ್‌ಬಿ ಡಿಸ್ಕುಗಳಲ್ಲಿ ಒಂದು ಯಜಮಾನರ ಜೊತೆ ಊರಿಗೆ ಹೋಗಲಿ, ಮುಳಬಾಗಿಲೋ ಬಂಗಾರಪೇಟೆಯೋ, ಮಂಡಿಯ ಚಾವಣಿಯ ಕೆಳಗೆ ಇರದಿದ್ದರೆ ಸರಿ. ರೈತರ ಬ್ಯಾಂಕ್ ಖಾತೆಯ ಸಂಖ್ಯೆಗಳು ಅದರಲ್ಲಿರುವುದರಿಂದ ಡಿಸ್ಕನ್ನು ಗೂಢಲಿಪಿಯಲ್ಲಿಡಿ. ಸರ್ವರಿಗೆ ಯುಪಿಎಸ್ ಹಾಕಿ, ಬ್ಯಾಟರಿ ಇಳಿದಾಗ ತಾನೇ ಕ್ರಮವಾಗಿ ಮುಚ್ಚಿಕೊಳ್ಳುವಂತೆ ಯುಎಸ್‌ಬಿ ಕೇಬಲಿನಿಂದ ಜೋಡಿಸಿ. ಕರೆಂಟ್ ಹೋಗಿ ಬಂದ ಮೇಲೆ ಫೈಲ್ ಸಿಸ್ಟಂ ಪರೀಕ್ಷಿಸಬೇಕೆನಿಸಿದರೆ, ಮೌಂಟ್ ಆಗಿರುವಾಗ ಎಫ್‌ಎಸ್‌ಸಿಕೆ ಓಡಿಸಬೇಡಿ. ಒಳ್ಳೆಯದನ್ನೂ ಅದು ಕೆಡಿಸುತ್ತದೆ.

ಇನ್ನು ಒಂದು ಹಾಳೆ ಕಾಗದ. ಎಸ್‌ಜಿಡಿಸ್ಕ್ ಕಮಾಂಡಿನ ಬ್ಯಾಕಪ್ ಆಯ್ಕೆಯಿಂದ ಪಾರ್ಟಿಷನ್ ಟೇಬಲನ್ನು ಫೈಲಾಗಿ ತೆಗೆದು ನಿಮ್ಮ ಇಮೇಲಿಗೆ ಕಳುಹಿಸಿಕೊಳ್ಳಿ, ಕೆಲವೇ ಕಿಲೋಬೈಟಿನದು. ಪ್ರತಿ ಪಾರ್ಟಿಷನ್ ಯಾವ ಸೆಕ್ಟರಿನಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಕೈಬರಹದಲ್ಲಿ ಹಾಳೆಗೆ ಇಳಿಸಿ. ಅದರ ಕೆಳಗೆ ಸರ್ವರಿನ ಐಪಿ ವಿಳಾಸ, ಬ್ಯಾಕಪ್ ಡಿಸ್ಕಿನ ಗೂಢಲಿಪಿಯ ಕೀಲಿ, 901 ರಿಸ್ಟೋರ್ ಆಗಲು ಹಿಡಿದ ಸಮಯ, ಆ ದಿನದ ಕೊನೆಯ ಪಟ್ಟಿ ಸಂಖ್ಯೆ ಬರೆಯಿರಿ. ಹಾಳೆಯನ್ನು ಲಕೋಟೆಯಲ್ಲಿ ಹಾಕಿ ಯಜಮಾನರ ಬೀರುವಿನಲ್ಲಿ, ಮಂಡಿಯ ಲೈಸೆನ್ಸ್ ಇರುವ ಕಡತದ ಜೊತೆ ಇಡಿ. ನೀವು ರಜೆಯಲ್ಲಿದ್ದ ದಿನ ಸರ್ವರ್ ನಿಂತರೆ, ಬಂದವರ ಕೈಗೆ ಮೊದಲು ಸಿಗಬೇಕಾದದ್ದು ಆ ಲಕೋಟೆ.